ಹಗ್ಗ ಕಾಣುವ ಹಾರಾಟ

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಗೊಮ್ಮಟನನ್ನು ನಿಲ್ಲಿಸಿದವನು ತಿಮ್ಮಣ್ಣ ಅಜಿಲ, 1604ರಲ್ಲಿ. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ, ವೀರಪಾಂಡ್ಯ ಭೈರರಸನ ಕಾಲಕ್ಕೆ. ನಡುವೆ 172 ವರ್ಷ. ತುಳುವಿನ ಹಾಡುಗಥೆಯಾದ ಪಾಡ್ದನದಲ್ಲಿ ಮಾತ್ರ ಎರಡನ್ನೂ ಕೆತ್ತಿದವನು ಒಬ್ಬನೇ ಕಲ್ಕುಡ. ಇಂಥ ಕೆಲಸ ಬೇರೆ ಊರಿನಲ್ಲಿ ಆಗಕೂಡದೆಂದು ಕಾರ್ಕಳದ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಉಳಿದ ಒಂದೇ ಕೈಯಲ್ಲಿ ಅವನು ವೇಣೂರಿಗೆ ಬಂದು ಇನ್ನೊಬ್ಬ ಗೊಮ್ಮಟನನ್ನು ಕಡೆಯುತ್ತಾನೆ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಅವನ ಗತಿ ಕಂಡು ಕನಲುತ್ತಾಳೆ. ಇಬ್ಬರೂ ಮಾಯವಾಗಿ, ಕಲ್ಕುಡ ಕಲ್ಲುರ್ಟಿಯರೆಂಬ ದೈವಗಳಾಗಿ, ಕೈ ಕಡಿಸಿದವನ ಊರಿಗೇ ಬೆಂಕಿ ಹಚ್ಚುತ್ತಾರೆ. ಕೇಳುವವರಲ್ಲಿ ಯಾರೂ ಒಬ್ಬ ಶಿಲ್ಪಿ ಅಷ್ಟು ವರ್ಷ ಬದುಕಿದ್ದು ಹೇಗೆ ಎಂದು ಲೆಕ್ಕ ಹಾಕುವುದಿಲ್ಲ. ಕೈ ಕಡಿಸಿದವನಿಗೆ ಏನಾಯಿತು ಎಂಬುದಷ್ಟೇ ಅವರಿಗೆ ಬೇಕು. ದೈವದ ಕಥೆಯನ್ನು ಮುಂದೆ ಹೇಳಲಿರುವ ಸಿನಿಮಾದ ಪಕ್ಕ ಕೂರಿಸುವ ಉದ್ದೇಶ ನನಗಿಲ್ಲ. ಬಂಟ್ವಾಳದ ಪಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಅಗೆಲು ಎಂಬ ಎಡೆ ಕೊಡಿಸುವವರು ತಮಾಷೆಗೆ ಬಂದವರಲ್ಲ. ಆದರೆ ನ್ಯಾಯ ಸಿಗುವುದಾದರೆ ಉಳಿದ ಲೆಕ್ಕ ತಪ್ಪಿದರೂ ಅಡ್ಡಿಯಿಲ್ಲ ಎಂಬ ಕೇಳುವ ಅಭ್ಯಾಸ ಈ ಸೀಮೆಯಲ್ಲಿ ಬಹಳ ಹಳೆಯದು, ಅದನ್ನು ಮೊದಲೇ ಹೇಳಿಡಬೇಕು.

ಈಗ ಅಲ್ಲಿಂದ ಬಹಳ ಮೆಟ್ಟಿಲು ಕೆಳಗಿಳಿದು, ಮರ್ಯಾದಸ್ಥರು ಹೆಸರೆತ್ತಲು ನಾಚುವ ಒಂದು ಜಾತಿಯ ಸಿನಿಮಾಕ್ಕೆ ಬರೋಣ: ಕಾನೂನನ್ನು ಕೈಗೆತ್ತಿಕೊಂಡ ನಾಯಕ, ನಾಲ್ಕು ಕಾಸಿನ ಬಜೆಟ್ಟು, ತಲೆಬುಡವಿಲ್ಲದ ಹೊಡೆದಾಟ, ನಡುನಡುವೆ ನಗು. ಇದರ ಲಕ್ಷಣಗಳು ಎಲ್ಲರಿಗೂ ಗೊತ್ತು. ಎಂಟು ಜನ ರೌಡಿಗಳು ನಾಯಕನನ್ನು ಸುತ್ತುವರಿದರೂ ಹೊಡೆಯಲು ಬರುವವನು ಒಮ್ಮೆಗೆ ಒಬ್ಬನೇ. ಮಿಕ್ಕ ಏಳು ಮಂದಿ ತಮ್ಮ ಸರದಿ ಬರುವವರೆಗೆ ನಿಂತಲ್ಲೇ ಕುಪ್ಪಳಿಸುತ್ತಿರುತ್ತಾರೆ. ಮೊದಲ ಫೈಟಿನಲ್ಲಿ ಸತ್ತವನು ಮೂರನೆಯ ಫೈಟಿಗೆ ಅಂಗಿ ಬದಲಾಯಿಸಿಕೊಂಡು ಮತ್ತೆ ಸಾಯಲು ಹಾಜರು. ಗುಡ್ಡದ ಮೇಲಿಂದ ಉರುಳಲು ಹೊರಡುವುದು ಹೊಳೆಯುವ ಕಾರು, ಕೆಳಗೆ ಬಂದು ಉರಿಯುವುದು ಎಂಜಿನ್ನೇ ಇಲ್ಲದ ಗುಜರಿ ಅಂಬಾಸಡರು. ನಾಯಕ ಹಾರಿದಾಗ ಸೊಂಟಕ್ಕೆ ಕಟ್ಟಿದ ಹಗ್ಗ ಬಿಸಿಲಿಗೆ ಸ್ಪಷ್ಟವಾಗಿ ಕಾಣುತ್ತದೆ. ಪಾಪ, ದುಡ್ಡಿಲ್ಲ, ಜನ ಹೊಟ್ಟೆಗೆ ಹಾಕಿಕೊಂಡು ನೋಡುತ್ತಾರೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ. ನನ್ನ ವಾದ ಬೇರೆ. ಜನ ನೋಡುವುದು ಆ ಹಗ್ಗ ಕಾಣುವುದರಿಂದಲೇ. ಒಬ್ಬ ಮನುಷ್ಯ ಇನ್ನೊಬ್ಬನಿಗೆ ತಾನೇ ತೀರ್ಪು ಕೊಟ್ಟು ತಾನೇ ಶಿಕ್ಷೆ ವಿಧಿಸುವುದನ್ನು ನೋಡಿ ಸಂತೋಷಪಡುವುದು ಒಳಗೊಳಗೇ ಕಸಿವಿಸಿ ಹುಟ್ಟಿಸುವ ಸಂತೋಷ. ಇದು ಆಟ, ನಿಜವಲ್ಲ ಎಂದು ಹಗ್ಗ ಕ್ಷಣಕ್ಷಣಕ್ಕೂ ನೆನಪಿಸುತ್ತಿದ್ದರೆ ಮಾತ್ರ ಆ ಸಂತೋಷ ಮೈಗೆ ಹತ್ತುತ್ತದೆ.

ಇಂಥ ನೋಟ ಈ ಸೀಮೆಗೆ ಸಿನಿಮಾ ಕಲಿಸಿದ್ದಲ್ಲ. ಗದ್ದೆಯಲ್ಲಿ ಹಾಕಿದ ಯಕ್ಷಗಾನ ಬಯಲಾಟದ ರಂಗಸ್ಥಳದಲ್ಲಿ ಒಂದು ಮರದ ಪೀಠವಿರುತ್ತದೆ. ಅರಸ ಕುಳಿತರೆ ಅದು ಸಿಂಹಾಸನ, ವೀರ ಹತ್ತಿ ನಿಂತರೆ ರಥ, ತಪಸ್ವಿ ಕಣ್ಣು ಮುಚ್ಚಿದರೆ ಬೆಟ್ಟ. ಚೆಂಡೆಯ ಪೆಟ್ಟಿಗೆ ಇಬ್ಬರು ನಾಲ್ಕು ಸುತ್ತು ಹಾಕಿದರೆ ಯುದ್ಧ ಮುಗಿಯಿತು. ಸತ್ತ ದೈತ್ಯ ತಾನೇ ಚೌಕಿಗೆ, ಅಂದರೆ ಬಣ್ಣದ ಮನೆಗೆ, ನಡೆದುಹೋಗುತ್ತಾನೆ. ದೇವಿ ಮಹಾತ್ಮೆಯ ಮಹಿಷಾಸುರ ದೊಂದಿಯ ಬೆಂಕಿಯೊಂದಿಗೆ ಜನರ ಹಿಂದಿನಿಂದ ಅಬ್ಬರಿಸುತ್ತ ಬರುವಾಗ ಮಕ್ಕಳು ಚಾಪೆ ಬಿಟ್ಟು ಓಡುತ್ತಾರೆ. ಕೋಡು ಕಟ್ಟಿಕೊಂಡವನು ಯಾವ ಊರಿನವನು, ಹಗಲು ಏನು ಕೆಲಸ ಮಾಡುತ್ತಾನೆ ಎಂಬುದು ದೊಡ್ಡವರಿಗೆ ಚೆನ್ನಾಗಿ ಗೊತ್ತು, ಗೊತ್ತಿದ್ದೇ ಅವರ ರೋಮವೂ ನಿಮಿರುತ್ತದೆ. ಸಾಲದ್ದಕ್ಕೆ ಹಾಸ್ಯಗಾರನೊಬ್ಬನಿದ್ದಾನೆ. ಮೂಡುಬಿದಿರೆಯ ಪಕ್ಕದ ಮಿಜಾರಿನ ಅಣ್ಣಪ್ಪ, ಬಂಟ್ವಾಳದ ಜಯರಾಮ ಆಚಾರ್ಯ ಇಬ್ಬರೂ ಈ ಕೆಲಸದಲ್ಲೇ ಹೆಸರಾದವರು. ದೂತನಾಗಿಯೋ ಬಾಗಿಲ ಕಾವಲಿನವನಾಗಿಯೋ ಬರುವ ಹಾಸ್ಯಗಾರ ಅರಸನ ಗಂಭೀರ ಮಾತಿನ ಬುಡಕ್ಕೇ ಒಂದು ಪಡಿಮಾತು ಇಡುತ್ತಾನೆ. ಕಿರೀಟದ ಎತ್ತರ ಒಂದು ಗೇಣು ಇಳಿಯುತ್ತದೆ. ಮುಂದಿನ ಪದ್ಯಕ್ಕೆ ಅದೇ ಅರಸನ ದುಃಖಕ್ಕೆ ಅದೇ ಜನ ಕಣ್ಣು ಒರೆಸಿಕೊಳ್ಳುತ್ತಾರೆ. ನಂಬುವುದು, ನಂಬದೆ ಇರುವುದು ಎರಡನ್ನೂ ಒಂದೇ ಚಾಪೆಯ ಮೇಲೆ ಕೂತು ಮಾಡಬಲ್ಲ ಪ್ರೇಕ್ಷಕರು ಇವರು. ಇವರ ಮುಂದೆ ಹಗ್ಗ ಕಂಡರೆ ಅನಾಹುತವೇನೂ ಆಗುವುದಿಲ್ಲ.

ತುಳು ಸಿನಿಮಾದ ದಾರಿಯಲ್ಲೂ ಇದರ ಗುರುತು ಸಿಗುತ್ತದೆ. ಮೊದಲ ತುಳು ಚಿತ್ರ ‘ಎನ್ನ ತಂಗಡಿ’ 1971ರದ್ದು. ಮರುವರ್ಷವೇ ‘ಪಗೆತ ಪುಗೆ’, ‘ಬಿಸತ್ತಿ ಬಾಬು’ ಬಂದವು: ಹೆಸರಿನಲ್ಲೇ ಹಗೆಯ ಹೊಗೆ, ಹೆಸರಿನಲ್ಲೇ ಕತ್ತಿ. 1973ರಲ್ಲಿ ‘ಕೋಟಿ ಚೆನ್ನಯ’. ಹಗೆ, ಸೇಡು, ನ್ಯಾಯ ಇವೇ ಬಂಡವಾಳ. ಆದರೆ 2011ರ ‘ಒರಿಯರ್ದೊರಿ ಅಸಲ್’ ನಂತರ ಎದ್ದ ಹೊಸ ಅಲೆ ಪೂರ್ತಿ ನಗುವಿನದು. 2014ರ ‘ಚಾಲಿ ಪೋಲಿಲು’ ಮಂಗಳೂರಿನಲ್ಲಿ ವರ್ಷ ದಾಟಿ ಓಡಿತು. ದೇವದಾಸ್ ಕಾಪಿಕಾಡ್, ನವೀನ್ ಡಿ. ಪಡೀಲ್, ಭೋಜರಾಜ ವಾಮಂಜೂರು, ಅರವಿಂದ ಬೋಳಾರ್ ಎಲ್ಲರೂ ನಾಟಕದ ವೇದಿಕೆಯಿಂದ ಇಳಿದು ಬಂದವರು. ನಗುವಿನ ಕಡೆಗಿನ ಈ ಹೊರಳಿಗೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಮಾರುಕಟ್ಟೆ ಎಂದರೆ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಒಂದು ಭಾಗ, ಮುಂಬಯಿಯ ತುಳುವರು. ದೊಡ್ಡ ಭಾಷೆಯ ಚಿತ್ರದಲ್ಲಿ ಕೊನೆಯ ಹೊಡೆದಾಟಕ್ಕೆ ಸುರಿಯುವ ಹಣದಲ್ಲಿ ಇಲ್ಲಿ ಇಡೀ ಸಿನಿಮಾ ಮುಗಿಯಬೇಕು. ಕಾರು ಹಾರಿಸಲು ಆಗದವನು ಮಾತು ಹಾರಿಸುತ್ತಾನೆ. ಹೊಡೆದಾಟ ಬಂದರೂ ಅದು ಜಗಳದ ನಾಟಕೀಯ ರೂಪವಾಗಿ ಬರುತ್ತದೆ: ಏಟಿಗಿಂತ ಬೈಗುಳ ಜಾಸ್ತಿ, ಬೈಗುಳಕ್ಕಿಂತ ಓಟ ಜಾಸ್ತಿ.

ಈ ಅಗ್ಗದ, ಅಸಂಬದ್ಧ ಸಿನಿಮಾವನ್ನು ದುಡ್ಡಿರುವ, ಮುಖ ಗಂಟಿಕ್ಕಿದ ಸೇಡಿನ ಚಿತ್ರಗಳ ಎದುರಿಗಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 1981ರ ‘ಅಂತ’, 1983ರ ‘ಚಕ್ರವ್ಯೂಹ’ ಎರಡರಲ್ಲೂ ಅಂಬರೀಶ್ ಪೊಲೀಸು. ಎರಡರಲ್ಲೂ ವ್ಯವಸ್ಥೆ ಕೊಳೆತಿದೆ, ನಾಯಕ ಸಿಟ್ಟಿಗೆದ್ದಿದ್ದಾನೆ. ‘ಚಕ್ರವ್ಯೂಹ’ದ ಕೊನೆಯಲ್ಲಿ ಮುಖ್ಯಮಂತ್ರಿಯ ಕುರ್ಚಿಗೇರಿದ ನಾಯಕ ತನ್ನದೇ ಸಂಪುಟದ ಮೇಲೆ ಗುಂಡು ಹಾರಿಸುತ್ತಾನೆ. ಹಿಂದಿಯಲ್ಲಿ ಅದು ಅಮಿತಾಭ್ ಬಚ್ಚನ್ನರ ‘ಇಂಕಿಲಾಬ್’ ಆಯಿತು. ಆ ಗುಂಡಿನ ಸದ್ದಿಗೆ ಚಪ್ಪಾಳೆ ತಟ್ಟಿದವರನ್ನು ತಪ್ಪೆನ್ನಲಾರೆ, ಆ ಕಾಲದ ಸಿಟ್ಟಿಗೆ ಕಾರಣಗಳಿದ್ದವು. ಆದರೆ ಚಿತ್ರ ನಮ್ಮಿಂದ ಒಪ್ಪಿಗೆ ಕೇಳುತ್ತಿದೆ: ಹೀಗೆ ಮಾಡಿದರೆ ಸರಿ, ಅಲ್ಲವೇ? ಅಸಂಬದ್ಧ ಚಿತ್ರ ಆ ಪ್ರಶ್ನೆಯನ್ನೇ ಕೇಳುವುದಿಲ್ಲ, ಕೇಳುವ ಮುಖ ಅದಕ್ಕಿಲ್ಲ. 2021ರ ‘ಹೀರೋ’ ನೋಡಿ. ಕೊರೊನಾ ಕಾಲದಲ್ಲಿ ಬೆರಳೆಣಿಕೆಯ ತಂಡ ಕಟ್ಟಿಕೊಂಡು, ಒಂದು ಎಸ್ಟೇಟಿನೊಳಗೇ ರಿಷಬ್ ಶೆಟ್ಟಿ ಮಾಡಿದ ಚಿತ್ರ, ನಿರ್ದೇಶನ ಎಂ. ಭರತ್ ರಾಜ್ ಅವರದು. ನಾಯಕ ಕ್ಷೌರಿಕ. ಪ್ರೀತಿಸಿದವಳು ರೌಡಿಯೊಬ್ಬನ ಹೆಂಡತಿಯಾಗಿದ್ದಾಳೆ, ಇವನು ಸೇಡಿಗೆಂದು ಆ ಬಂಗಲೆಗೆ ಹೋಗುತ್ತಾನೆ. ನಿರ್ಬಂಧದಿಂದಾಗಿ ಊರಿಲ್ಲ, ಗುಂಪಿಲ್ಲ, ಬೀದಿಯಿಲ್ಲ. ಇದ್ದ ಒಂದು ಮನೆ, ಒಂದಿಷ್ಟು ಕಾಡು, ಒಂದು ಹಿಡಿ ಜನ ಇಷ್ಟರಲ್ಲೇ ರಕ್ತವೂ ನಗುವೂ ಚೆಲ್ಲಬೇಕು. ಚಿತ್ರ ಎಲ್ಲ ಕಡೆ ಒಂದೇ ಹದದಲ್ಲಿಲ್ಲ, ನಡುವೆ ಎಳೆಯುತ್ತದೆ. ಆದರೂ ವೀರನಾಗಲು ಹೊರಟು ಎಡವುವವನ ಕಥೆಗೆ ಆ ಕೊರತೆಯೇ ಮೈಕಟ್ಟು ಕೊಟ್ಟಿದೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ಹಗುರಾದದ್ದೇನಲ್ಲ. ಇದು ಬಡವರ ಸಿನಿಮಾ ನೋಡಿ ಉಳ್ಳವರು ನಗುವುದಲ್ಲವೇ? ಗಂಭೀರವಾಗಿ ಮಾಡಲು ಹೋಗಿ ಕೆಟ್ಟದ್ದನ್ನು ತಮಾಷೆಯೆಂದು ಚಪ್ಪರಿಸುವ ಅಹಂಕಾರವಲ್ಲವೇ? ಕೆಲವರ ನಗು ಖಂಡಿತ ಅಂಥದ್ದೇ. ಆದರೆ ಮಾಡುವವರ ಕಡೆಯಿಂದ ನೋಡಿದರೆ ಮಾತು ತಿರುಗುತ್ತದೆ. ಮಹಾರಾಷ್ಟ್ರದ ಮಾಲೇಗಾಂವ್ ಪವರ್‌ಲೂಮುಗಳ ಊರು. ಅಲ್ಲಿನ ಶೇಖ್ ನಾಸಿರ್ ‘ಶೋಲೆ’ಯನ್ನು ತಮ್ಮೂರಿನ ತಮಾಷೆಯಾಗಿ ಮತ್ತೆ ತೆಗೆದರು, ಆಮೇಲೆ ಸೂಪರ್‌ಮ್ಯಾನನನ್ನೂ ತಂದರು. ಹಾರುವ ವೀರನಾದದ್ದು ಮಗ್ಗದ ಕೆಲಸದ ಒಬ್ಬ ಸಣಕಲ ಹುಡುಗ, ಅವನ ವೈರಿ ತಂಬಾಕಿನ ದೊರೆ. ಫೈಜಾ ಅಹ್ಮದ್ ಖಾನ್ ತೆಗೆದ ಸಾಕ್ಷ್ಯಚಿತ್ರದಲ್ಲಿ ಆ ತಂಡದವರು ಕೆಲಸ ಮಾಡುವುದನ್ನು ನೋಡಿದರೆ ಯಾವ ಹೊಡೆತ ನಗಿಸುತ್ತದೆ, ಯಾವುದು ನಗಿಸುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ತಿಳಿಯುತ್ತದೆ. ಉಗಾಂಡಾದ ಕಂಪಾಲಾದ ವಕಾಲಿಗಾ ಎಂಬ ಕೊಳೆಗೇರಿಯಲ್ಲಿ ಐಸಾಕ್ ನಬ್ವಾನಾ 2010ರಲ್ಲಿ ‘ಹೂ ಕಿಲ್ಡ್ ಕ್ಯಾಪ್ಟನ್ ಅಲೆಕ್ಸ್?’ ತೆಗೆದದ್ದೂ ಹೀಗೆ. ಬಂದೂಕುಗಳು ಗುಜರಿ ಕಬ್ಬಿಣದವು, ರಕ್ತ ಬಣ್ಣದ ನೀರು, ಕಟ್ಟಡಗಳ ಮೇಲೆ ಬಾಂಬು ಹಾಕುವ ಹೆಲಿಕಾಪ್ಟರು ಕಂಪ್ಯೂಟರಿನಲ್ಲಿ ಅಂಟಿಸಿದ್ದು. ಸತ್ತ ಕ್ಯಾಪ್ಟನ್ನನ ಸೇಡು ತೀರಿಸಿಕೊಳ್ಳಲು ಬರುವ ಸಹೋದರ ಕುಂಗ್‌ಫೂ ಬಲ್ಲ ಸನ್ಯಾಸಿ! ಚಿತ್ರದುದ್ದಕ್ಕೂ ವಿಜೆ ಎಮ್ಮಿ ಎಂಬ ನಿರೂಪಕನ ದನಿ ಹೊಡೆದಾಟದ ಮೇಲೇ ಕೂಗಿ ಕೂಗಿ ಟೀಕೆ ಮಾಡುತ್ತದೆ, ನಾಯಕನನ್ನು ಹುರಿದುಂಬಿಸುತ್ತದೆ, ಅಲ್ಲೇ ಗೇಲಿಯನ್ನೂ ಮಾಡುತ್ತದೆ. ಬಂಟ್ವಾಳದ ಪ್ರೇಕ್ಷಕನಿಗೆ ಆ ದನಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಅದು ಹಾಸ್ಯಗಾರನದೇ ಕೆಲಸ. ಮೇಲಿನಿಂದ ಬಗ್ಗಿ ನೋಡಿ ನಗುವವನಿಗಿಂತ ಮೊದಲೇ ಚಿತ್ರ ತನ್ನನ್ನು ತಾನೇ ನಕ್ಕು ಮುಗಿಸಿರುತ್ತದೆ.

ಎರಡನೆಯ ಆಕ್ಷೇಪ ನಮ್ಮ ಕರಾವಳಿಗೆ ಹೆಚ್ಚು ಹತ್ತಿರದ್ದು, ಹೆಚ್ಚು ಕಹಿಯದ್ದು. ಕಾನೂನನ್ನು ಕೈಗೆತ್ತಿಕೊಳ್ಳುವುದು ಇಲ್ಲಿ ಬರೀ ಕಥೆಯ ವಿಷಯವಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆದದ್ದು, 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಗೆ ನುಗ್ಗಿ ಹುಟ್ಟುಹಬ್ಬಕ್ಕೆ ಸೇರಿದವರ ಮೇಲೆ ಕೈಮಾಡಿದ್ದು ದೇಶವೆಲ್ಲ ಟಿವಿಯಲ್ಲಿ ನೋಡಿದೆ. ಹೊಡೆದವರೂ ತಮ್ಮನ್ನು ನ್ಯಾಯದ ಕಡೆಯವರೆಂದೇ ತಿಳಿದಿದ್ದರು. ಹಾಗಿರುವಾಗ ಬೀದಿಯಲ್ಲಿ ತೀರ್ಪು ಕೊಡುವ ನಾಯಕನನ್ನು ನೋಡಿ ನಗುವುದು ಬೇಜವಾಬ್ದಾರಿಯಲ್ಲವೇ? ಆ ದೃಶ್ಯಗಳನ್ನು ಮತ್ತೆ ನೆನೆದು ನೋಡಿ: ಹೊಡೆಯುವವರ ಮುಖದಲ್ಲಿ ನಗುವಿನ ಸುಳಿವಿಲ್ಲ. ನೈತಿಕ ಪೊಲೀಸನಿಗೆ ತಾನು ಬಹಳ ಗಂಭೀರ ಮನುಷ್ಯ ಎಂಬ ಭ್ರಮೆ ಅನ್ನದಷ್ಟೇ ಅಗತ್ಯ. ಅವನಿಗೆ ಬೇಕಾದದ್ದು ನಿಧಾನಗತಿಯಲ್ಲಿ ನಡೆದು ಬರುವ, ಹಿಂದೆ ಡ್ರಮ್ಮು ಬಾರಿಸುವ, ಎದುರಾಳಿಯ ಮೂಳೆ ಮುರಿಯುವ ಸದ್ದು ಥಿಯೇಟರಿನ ಗೋಡೆ ನಡುಗಿಸುವ ವೀರ. ತೆಂಗಿನಕಾಯಿ ಎಸೆದು ಹತ್ತು ಜನರನ್ನು ಕೆಡವಿ, ಹನ್ನೊಂದನೆಯವನ ಮುಂದೆ ಪಂಚೆ ಸಡಿಲವಾಗಿ ಒದ್ದಾಡುವವನನ್ನು ಅವನು ಆದರ್ಶವಾಗಿ ಇಟ್ಟುಕೊಳ್ಳಲಾರ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಅಸಂಬದ್ಧ ಚಿತ್ರದ ವೀರ ಎದುರಿಸುವುದು ತನಗಿಂತ ಬಲಿಷ್ಠನನ್ನು: ಭೂಮಾಫಿಯಾದ ಧಣಿ, ಬಡ್ಡಿ ವ್ಯಾಪಾರಿ, ಮಂತ್ರಿಯ ಭಾವಮೈದ. ಪಬ್ಬಿನಲ್ಲಿ ಕೈ ಎತ್ತಿದವರು ಹುಡುಕಿದ್ದು ತಮಗಿಂತ ದುರ್ಬಲರನ್ನು.

ಹಾಗೆಂದು ನಗು ಬಂದ ಕಡೆಯೆಲ್ಲ ನಿರಪಾಯ ಎಂದು ನಾನು ಸರ್ಟಿಫಿಕೇಟು ಬರೆದುಕೊಡಲಾರೆ. ಅಗ್ಗದ ನಗೆಚಿತ್ರಗಳಲ್ಲಿ ಕಪ್ಪು ಮೈಬಣ್ಣ, ದಪ್ಪ ದೇಹ, ತೊದಲು ಮಾತು, ಹೆಣ್ಣು ವೇಷದ ಗಂಡು ಇವುಗಳನ್ನೇ ಗುರಿ ಮಾಡಿ ಎಸೆಯುವ ಮಾತುಗಳಿಗೆ ಬರವಿಲ್ಲ, ತುಳುವಿನಲ್ಲೂ ಕನ್ನಡದಲ್ಲೂ. ಅಲ್ಲಿ ನಗು ಕೆಳಗಿನವನ ಮೇಲೇ ಬೀಳುತ್ತದೆ, ಬಜೆಟ್ಟು ಚಿಕ್ಕದೆಂಬ ಕಾರಣಕ್ಕೆ ಅದನ್ನು ಕ್ಷಮಿಸಬೇಕಾಗಿಲ್ಲ. ಇನ್ನು ಇತ್ತೀಚೆಗೆ, ಕೆಟ್ಟದಾಗಿದ್ದರೆ ಓಡುತ್ತದೆ ಎಂದು ಗೊತ್ತಾಗಿ, ದುಡ್ಡಿದ್ದವರೂ ಬೇಕೆಂದೇ ಕೆಟ್ಟ ಗ್ರಾಫಿಕ್ಸು ಹಾಕಿಸುವುದುಂಟು. ಅದು ನನಗೆ ರುಚಿಸುವುದಿಲ್ಲ. ಬಡತನವನ್ನು ಬಾಡಿಗೆಗೆ ತಂದು ತೊಟ್ಟುಕೊಂಡವನ ಅಂಗಿಯ ತೂತು ತೀರಾ ಅಚ್ಚುಕಟ್ಟಾಗಿರುತ್ತದೆ. ನಬ್ವಾನಾ ತಮ್ಮ ಕಂಪ್ಯೂಟರಿನಲ್ಲಿ ಜಾಗ ಸಾಲದೆ, ಮುಂದಿನ ಚಿತ್ರಕ್ಕಾಗಿ ‘ಕ್ಯಾಪ್ಟನ್ ಅಲೆಕ್ಸ್’ನ ಮೂಲ ಪ್ರತಿಯನ್ನೇ ಅಳಿಸಿಬಿಟ್ಟರು, ಈಗ ಉಳಿದಿರುವುದು ಎಮ್ಮಿಯ ಟೀಕೆ ಸೇರಿದ ಪ್ರತಿ ಮಾತ್ರ. ಬೇಕೆಂದು ಮಾಡುವವರಿಗೆ ಇಂಥ ಕೊರತೆ ಸಿಗುವುದಿಲ್ಲ. ಅಂದ ಹಾಗೆ, ಆ ಚಿತ್ರ ಮುಗಿದರೂ ಕ್ಯಾಪ್ಟನ್ ಅಲೆಕ್ಸನನ್ನು ಕೊಂದವರು ಯಾರೆಂದು ಗೊತ್ತಾಗುವುದಿಲ್ಲ. ಹೆಸರಿನಲ್ಲೇ ಪ್ರಶ್ನೆ ಇಟ್ಟುಕೊಂಡು ಹೊರಟ ಸೇಡಿನ ಕಥೆ, ಹೆಲಿಕಾಪ್ಟರು ಬಂದ ಗದ್ದಲದಲ್ಲಿ ಆರೋಪಿಯನ್ನೇ ಮರೆತುಬಿಡುತ್ತದೆ. ನೋಡಿದವರು ಅದಕ್ಕಾಗಿ ಟಿಕೆಟಿನ ಹಣ ವಾಪಸು ಕೇಳುವುದಿಲ್ಲ, ಮತ್ತೊಮ್ಮೆ ಹಾಕಿ ಎನ್ನುತ್ತಾರೆ.