ಡೇಟಾಬೇಸ್ ತಾನಾಗಿ ಕೊಡುವ ಸುದ್ದಿ

ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಏನಾದರೂ ಬದಲಾಯಿತೇ ಎಂದು ಪಿಎಚ್‌ಪಿ ಸ್ಕ್ರಿಪ್ಟ್ ಪದೇ ಪದೇ ಕೇಳಬೇಕಾಗಿಲ್ಲ. 'ಲಿಸನ್' ಆದೇಶ ಕೊಟ್ಟು ಒಂದು ಚಾನೆಲ್ಲಿಗೆ ಕಿವಿಗೊಟ್ಟರೆ, ಬೇರೊಂದು ಸಂಪರ್ಕದಿಂದ ಅದೇ ಚಾನೆಲ್ಲಿಗೆ 'ನೋಟಿಫೈ' ಹೊರಟಾಗ ಸುದ್ದಿ ತಾನಾಗಿ ಬರುತ್ತದೆ. ಕಳಿಸಿದ ಟ್ರಾನ್ಸಾಕ್ಷನ್ ಕಮಿಟ್ ಆದ ಮೇಲಷ್ಟೇ ಅದು ತಲುಪುತ್ತದೆ. ರೋಲ್‌ಬ್ಯಾಕ್ ಆದರೆ ಇಲ್ಲ.

ಬಂದ ಸುದ್ದಿಯನ್ನು ಓದುವ ಫಂಕ್ಷನ್ ಪಿಜಿ_ಗೆಟ್_ನೋಟಿಫೈ. ಚಾನೆಲ್ಲಿನ ಹೆಸರು ಮತ್ತು ಕಳಿಸಿದ ಪ್ರೊಸೆಸ್ಸಿನ ಸಂಖ್ಯೆ ಅದರಲ್ಲಿ ಸಿಗುತ್ತವೆ. ಪೋಸ್ಟ್‌ಗ್ರೆಸ್ 9.0ರಿಂದ ಪೇಲೋಡ್ ಕೂಡ ಉಂಟು. ಅದು ಸಾಮಾನ್ಯವಾಗಿ 8000 ಬೈಟಿಗಿಂತ ಚಿಕ್ಕದಿರಬೇಕು. ಆದ್ದರಿಂದ ಇಡೀ ದಾಖಲೆಯ ಬದಲು ಅದರ ಐಡಿಯನ್ನಷ್ಟೇ ಕಳಿಸುವುದು ಒಳ್ಳೆಯದು.

ಈ ಫಂಕ್ಷನ್ ಕಾಯುವುದಿಲ್ಲ. ಸುದ್ದಿ ಇಲ್ಲದಿದ್ದರೆ ಕೂಡಲೇ 'ಫಾಲ್ಸ್' ಎನ್ನುತ್ತದೆ. ಲೂಪಿನಲ್ಲಿ ಸುಮ್ಮನೆ ಸುತ್ತಿಸಿದರೆ ಸಿಪಿಯು ದಣಿಯುತ್ತದೆ. ಪಿಜಿ_ಸಾಕೆಟ್‌ನಿಂದ ಸಾಕೆಟ್ ಪಡೆದು ಸ್ಟ್ರೀಮ್_ಸೆಲೆಕ್ಟ್‌ನಲ್ಲಿ ಕಾಯುವುದೇ ಸರಿಯಾದ ದಾರಿ.

ಕೇಳುವವರಿಲ್ಲದಾಗ ಹೊರಟ ಸುದ್ದಿಯನ್ನು ಪೋಸ್ಟ್‌ಗ್ರೆಸ್ ಅವರಿಗಾಗಿ ಎತ್ತಿಡುವುದಿಲ್ಲ. ಹಾಗಾಗಿ ಕೇಳುವ ಕೆಲಸವನ್ನು ಕ್ಷಣದಲ್ಲಿ ಮುಗಿಯುವ ವೆಬ್ ವಿನಂತಿಗಿಂತ, ಕಮಾಂಡ್ ಲೈನಿನಲ್ಲಿ ಸದಾ ಓಡುವ ಸ್ಕ್ರಿಪ್ಟಿಗೆ ವಹಿಸಬೇಕು. ಸಂಪರ್ಕ ಕಡಿದು ಮತ್ತೆ ಕೂಡಿದಾಗ ಮೊದಲು 'ಲಿಸನ್' ಕೊಟ್ಟು, ಆಮೇಲೆ ಟೇಬಲ್ಲನ್ನು ಒಮ್ಮೆ ಪೂರ್ತಿ ಓದಿಕೊಂಡರೆ ಯಾವ ಬದಲಾವಣೆಯೂ ತಪ್ಪಿಹೋಗುವುದಿಲ್ಲ.