ಎಕ್ಸ್‌ರೇಯಲ್ಲಿ ಕಾಣದ ಬಿರುಕು

ಬ್ಯಾಂಕಿನಲ್ಲಿ ಕುಳಿತು ಕುಳಿತು ನನಗೆ ಕಾಗದದಲ್ಲಿ ಬರೆದದ್ದೇ ಸತ್ಯವೆನ್ನುವ ಅಭ್ಯಾಸ. ಮಗಳ ಕಾಲುನೋವಿನಲ್ಲೂ ಹಾಗೆಯೇ ಆಯಿತು.

ಅವಳು 1500 ಮೀಟರ್ ಓಟಗಾರ್ತಿ. 2022ರಲ್ಲಿ ಉಪಜಿಲ್ಲಾ ಕ್ರೀಡಾಕೂಟ ಹತ್ತಿರ ಬಂದಂತೆ, ಕಾಸರಗೋಡಿನ ಮುರಕಲ್ಲಿನ ಗಟ್ಟಿ ಮೈದಾನದಲ್ಲಿ ಅಭ್ಯಾಸ ಒಮ್ಮೆಲೇ ಇಮ್ಮಡಿಯಾಯಿತು. ಪಾದದ ಮೇಲೆ ನೋವೆಂದಳು. ಎಕ್ಸ್‌ರೇ ತೆಗೆಸಿದೆವು, ಮೂಳೆ ಸರಿಯಿದೆಯೆಂದು ಬರೆದುಕೊಟ್ಟರು. ನನಗೋ ಗ್ರೇಸ್ ಮಾರ್ಕಿನ ಆಸೆ. "ಏನೂ ಇಲ್ಲವಂತೆ, ಓಡು" ಎಂದೆ. ಓಡಿದಳು. ಹತ್ತೇ ದಿನದಲ್ಲಿ ಕುಂಟತೊಡಗಿದಳು.

ಮಂಗಳೂರಿನ ಮೂಳೆವೈದ್ಯರು ಮೊದಲು ವಿಚಾರಿಸಿದ್ದು ಓಟದ ಲೆಕ್ಕ, ಊಟ, ಮುಟ್ಟಿನ ಕ್ರಮ. ಆಮೇಲೆ ಒಂದು ಬೆರಳಿನಿಂದ ಪಾದವನ್ನು ಒತ್ತುತ್ತ ಹೋದರು. ಎರಡನೆಯ ಕಾಲ್ಬೆರಳಿನ ಹಿಂದಿನ ಉದ್ದ ಮೂಳೆಗೆ ಬಂದಾಗ ಮಗಳು ಚೀರಿದಳು. ಎಂ.ಆರ್.ಐ.ಯಲ್ಲಿ ಬಿರುಕು ಕಂಡಿತು. ಮೊದಲ ಎರಡು ಮೂರು ವಾರ ಇದು ಎಕ್ಸ್‌ರೇಯಲ್ಲಿ ಕಾಣದಿರುವುದೇ ಹೆಚ್ಚಂತೆ. 1855ರಲ್ಲಿ ಪ್ರಷ್ಯದ ಸೇನಾವೈದ್ಯ ಬ್ರೈಟ್‌ಹೌಪ್ಟ್, ನಡೆದು ನಡೆದು ಪಾದ ಊದಿಸಿಕೊಂಡ ಸೈನಿಕರಲ್ಲಿ ಇದನ್ನು ಗುರುತಿಸಿದಾಗ ಎಕ್ಸ್‌ರೇಯೇ ಇರಲಿಲ್ಲ!

ಮೂಳೆ ದಿನವೂ ಸವೆಯುತ್ತದೆ, ದಿನವೂ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಳ್ಳಲು ಬಿಡುವಿಲ್ಲದಿದ್ದರೆ ಬಿರುಕು. ಜಮೆಗಿಂತ ಖರ್ಚು ಹೆಚ್ಚಾದ ಖಾತೆಯ ಹಾಗೆ.

ಆರು ವಾರ ಗಟ್ಟಿ ತಳದ ಬೂಟು, ಓಟಕ್ಕೆ ರಜೆ. ಒತ್ತಿದರೂ ನೋವಿಲ್ಲವೆಂದಾದ ಮೇಲೆ ನಡಿಗೆ, ನಂತರ ಸ್ವಲ್ಪ ಸ್ವಲ್ಪವೇ ಓಟ. ಪಾದದ ನಡುವಿನ ನ್ಯಾವಿಕ್ಯುಲರ್ ಮೂಳೆ ಬಿರಿದಿದ್ದರೆ ಕಾಲೂರದೆ ಪ್ಲಾಸ್ಟರಿನಲ್ಲೇ ಇರಬೇಕಿತ್ತಂತೆ. ಕೆಲವರಿಗೆ ಸ್ಕ್ರೂ ಕೂಡಾ ಬೇಕಾಗುತ್ತದೆ.

ಆ ವರ್ಷದ ಕ್ರೀಡಾಕೂಟ ತಪ್ಪಿತು. ಅದಕ್ಕೆ ಮಗಳು ಅಳಲಿಲ್ಲ. "ಅಪ್ಪಾ, ನಾನು ನೋವು ಅಂದಾಗ ನೀವು ಕಾಗದ ಯಾಕೆ ನೋಡಿದ್ದು?" ಎಂದು ಕೇಳಿದಳು, ಅಷ್ಟೆ.

ಈಗ ಅವಳು ಮತ್ತೆ ಓಡುತ್ತಾಳೆ. ನೋವೆಂದ ದಿನ ಮೈದಾನಕ್ಕೆ ಹೋಗಬೇಡವೆಂದು ಹೇಳುವವನು ನಾನೇ.