‘ಅಂತೆ’ ಎಂಬ ಎರಡಕ್ಷರ

ಕನ್ನಡ ನುಡಿಯಲ್ಲಿ ಎರಡೇ ಅಕ್ಷರದ ಒಂದು ಮಾತುಂಟು. ನೋಡುವುದಕ್ಕೆ ಬಹು ಸಣ್ಣದು. ಅದು ಮಾಡುವ ಕೆಲಸ ಮಾತ್ರ ಬಹು ದೊಡ್ಡದು. ಅದೇ ‘ಅಂತೆ’ ಎಂಬುದು. ‘ಕೆರೆ ತುಂಬಿತು’ ಎಂದರೆ ಹೇಳುವವನು ಏರಿಯ ಮೇಲೆ ನಿಂತು ಕಣ್ಣಾರೆ ಕಂಡು ಬಂದಿರುವನೆಂದು ಅರ್ಥ. ‘ಕೆರೆ ತುಂಬಿತಂತೆ’ ಎಂದರೆ ಅವನು ಕಂಡಿಲ್ಲ, ಯಾರೋ ಹೇಳಿದುದನ್ನು ಕೇಳಿ ಹೇಳುತ್ತಿರುವನೆಂದು ಅರ್ಥ. ಮೊದಲನೆಯ ಮಾತಿಗೆ ಅವನೇ ಹೊಣೆಗಾರನು; ಎರಡನೆಯದರ ಹೊಣೆ ಬೇರೆ ಎಲ್ಲಿಯೋ ಇರುವುದು. ಓದು ಬರಹ ತಿಳಿಯದ ನಮ್ಮ ಹಿರಿಯರೂ ಈ ಭೇದವನ್ನು ಮಾತಿನಲ್ಲಿ ತಪ್ಪದೆ ಪಾಲಿಸುತ್ತಿದ್ದರು. ಈಗಲೂ ಹಳ್ಳಿಯ ಮುದುಕಿಯೊಬ್ಬಳು ನೆರೆಮನೆಯ ಸುದ್ದಿ ಹೇಳುವಾಗ, ‘ಸೊಸೆ ಬಸುರಿಯಂತೆ, ಏಳು ತಿಂಗಳಂತೆ, ಹೆರಿಗೆಗೆ ತೌರಿಗೆ ಹೋಗುವಳಂತೆ’ ಎಂದು ಮೂರು ಸಲ ‘ಅಂತೆ’ ಹಚ್ಚಿಯೇ ಹೇಳುವಳು. ಅದನ್ನು ಕೇಳಿ ನಗುವವರುಂಟು. ನನಗಾದರೋ ಆಕೆ ನಮ್ಮ ಅನೇಕ ಭಾಷಣಕಾರರಿಗಿಂತ ಪ್ರಾಮಾಣಿಕಳೆಂದು ತೋರುವುದು.

ಸಂಸ್ಕೃತ ವೈಯಾಕರಣರು ಈ ಭೇದವನ್ನು ಕ್ರಿಯಾಪದದಲ್ಲಿಯೇ ಅಡಗಿಸಿಟ್ಟಿರುವರು. ನಡೆದುಹೋದುದನ್ನು ಹೇಳಲು ಆ ಭಾಷೆಯಲ್ಲಿ ಮೂರು ಲಕಾರಗಳುಂಟು. ಅವುಗಳಲ್ಲಿ ‘ಲಿಟ್’ ಎಂಬುದನ್ನು, ಮಾತನಾಡುವವನು ತಾನು ಕಾಣದ, ಅಂದರೆ ಪರೋಕ್ಷವಾದ ಸಂಗತಿಗೆ ಪಾಣಿನಿ ವಿಧಿಸಿರುವನು. ಹಾಗಾದರೆ ಒಬ್ಬನು ತಾನೇ ಮಾಡಿದ ಕೆಲಸವನ್ನು ಲಿಟ್ಟಿನಲ್ಲಿ ಹೇಳಬಹುದೇ ಎಂಬ ಪ್ರಶ್ನೆ ಹುಟ್ಟಿತು. ನಿದ್ದೆಯಲ್ಲಿಯೋ ಅಮಲಿನಲ್ಲಿಯೋ ಮಾಡಿದುದಾದರೆ ಹೇಳಬಹುದೆಂದು ವ್ಯಾಖ್ಯಾನಕಾರರು ಉತ್ತರಕೊಟ್ಟರು. ತರಗತಿಯಲ್ಲಿ ಈ ಭಾಗ ಬಂದಾಗ ಹುಡುಗರು ಗೊಳ್ಳೆಂದು ನಗುತ್ತಿದ್ದರು. ನಕ್ಕುದರಿಂದಲೇ ವಿಷಯ ಅವರ ಮನಸ್ಸಿನಲ್ಲಿ ನಿಲ್ಲುತ್ತಿದ್ದಿತು. ತಾನು ಎಚ್ಚರವಾಗಿದ್ದು ಕಂಡುದಾವುದು, ಕಾಣದುದಾವುದು ಎಂಬ ವಿವೇಚನೆಯನ್ನು ಆ ವ್ಯಾಕರಣವು ಪ್ರತಿಯೊಂದು ವಾಕ್ಯದಲ್ಲಿಯೂ ಬೇಡುತ್ತಿದ್ದಿತು.

ತರ್ಕಶಾಸ್ತ್ರದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ಪ್ರಮಾಣಗಳು ನಾಲ್ಕೆಂಬುದು ನೈಯಾಯಿಕರ ಮತ. ಶಬ್ದವೆಂದರೆ ಕಿವಿಗೆ ಬಿದ್ದ ಮಾತೆಲ್ಲವೂ ಅಲ್ಲ, ಆಪ್ತನ ಮಾತು ಮಾತ್ರ. ಆಪ್ತನೆಂದರೆ ನಮಗೆ ಬೇಕಾದವನು, ಹತ್ತಿರದವನು ಎಂದು ಕನ್ನಡದಲ್ಲಿ ತಿಳಿಯುವೆವು. ಶಾಸ್ತ್ರದ ಅರ್ಥ ಹಾಗಲ್ಲ. ಸಂಗತಿಯನ್ನು ತಾನು ನೇರವಾಗಿ ಅರಿತಿದ್ದು, ಅರಿತುದನ್ನು ಅರಿತ ಹಾಗೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನು. ಋಷಿಯಾದರೂ ಮ್ಲೇಚ್ಛನಾದರೂ ಈ ಲಕ್ಷಣದಲ್ಲಿ ಭೇದವಿಲ್ಲವೆಂದು ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನ ಅಭಿಪ್ರಾಯ. ಹುಟ್ಟಿದ ಕುಲವಾಗಲಿ ನಮ್ಮೊಡನೆ ಇರುವ ನಂಟಾಗಲಿ ಇಲ್ಲಿ ಲೆಕ್ಕಕ್ಕೆ ಬಾರದು.

ಇನ್ನು ‘ಐತಿಹ್ಯ’ವೆಂಬುದೊಂದುಂಟು. ಈ ಆಲದ ಮರದಲ್ಲಿ ಯಕ್ಷನೊಬ್ಬನು ವಾಸವಾಗಿದ್ದಾನೆ ಎಂಬ ಮಾತನ್ನು ಪಂಡಿತರು ಅದಕ್ಕೆ ಉದಾಹರಣೆಯಾಗಿ ಕೊಡುವರು. ಮಗನು ತಂದೆಯಿಂದ ಕೇಳಿದನು. ತಂದೆಯು ಅಜ್ಜನಿಂದ ಕೇಳಿದನು. ಮೊದಲು ಕಂಡವನಾರೆಂದರೆ ಹೆಸರಿಲ್ಲ. ಮೂಲದಲ್ಲಿ ಆಪ್ತನೊಬ್ಬನಿದ್ದರೆ ಆ ಮಾತು ಶಬ್ದಪ್ರಮಾಣವಾಗುವುದು. ಮೂಲವೇ ತಿಳಿಯದಿದ್ದರೆ ಸಂದೇಹವಾಗಿಯೇ ಉಳಿಯುವುದು. ಊರೆಲ್ಲ ಸೇರಿ ಹೇಳಿದರೂ ಅಷ್ಟೆ. ಬಾಯಿ ನೂರಾದ ಮಾತ್ರಕ್ಕೆ ಕಣ್ಣು ಒಂದಾದರೂ ಆಗುವುದಿಲ್ಲ.

ಇದೆಲ್ಲ ಪಾಠಶಾಲೆಯ ಮಾತು, ಮನೆವಾರ್ತೆಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ಬೀದಿಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳುವೆನು. ಪಕ್ಕದ ಮನೆಯ ಹಿರಿಯ ಹೆಂಗಸೊಬ್ಬರಿಗೆ ಬಹು ಕಾಲದಿಂದ ಸಕ್ಕರೆ ಕಾಯಿಲೆ. ಒಂದು ಬೆಳಗ್ಗೆ ಬಹಳ ಗೆಲವಿನಿಂದ ಬಂದು, “ಮೇಷ್ಟ್ರೇ, ಇನ್ನು ಮಾತ್ರೆಯ ಕಾಟ ತಪ್ಪಿತು. ಬೆಂಡೆಕಾಯಿಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಗ್ಗೆ ಆ ನೀರನ್ನು ಕುಡಿದರೆ ಈ ಕಾಯಿಲೆ ಬೇರುಸಹಿತ ಹೋಗುತ್ತದೆ. ದೊಡ್ಡ ಡಾಕ್ಟರೇ ಹೇಳಿದ್ದಾರೆ” ಎಂದರು.

“ನಿಮಗೆ ಹೇಳಿದವರು ಯಾರಮ್ಮಾ?” ಎಂದೆನು.

“ನನ್ನ ಮಗ ಮೊಬೈಲಿಗೆ ಕಳಿಸಿದ್ದಾನೆ. ಅವನು ಕಳಿಸಿದ ಮೇಲೆ ಸುಳ್ಳಿರುತ್ತದೆಯೇ?”

ವಿಚಾರಿಸಿದರೆ ಆಕೆ ಮಾತ್ರೆ ಬಿಟ್ಟು ಒಂಬತ್ತು ದಿನಗಳಾಗಿದ್ದುವು. ಆಗಲೇ ಮಗನಿಗೆ ಫೋನು ಮಾಡಿಸಿದೆನು. “ನನಗೆ ಆಫೀಸಿನ ಗುಂಪಿನಲ್ಲಿ ಬಂತು ಸಾರ್. ಅಮ್ಮನಿಗೆ ಉಪಯೋಗವಾಗಲೆಂದು ಕಳಿಸಿದೆ, ನಾನು ಪೂರ್ತಿ ಓದಿಯೂ ಇಲ್ಲ. ಅಮ್ಮ ಮಾತ್ರೆ ಬಿಟ್ಟಿದ್ದಾರೆಯೇ?” ಎಂದು ಅವನೇ ಗಾಬರಿಗೊಂಡನು. ಮರುದಿನ ರಕ್ತಪರೀಕ್ಷೆ ಮಾಡಿಸಿದಾಗ ಸಕ್ಕರೆ ಬಹಳ ಏರಿದ್ದಿತು. ವೈದ್ಯರು ಮಾತ್ರೆಯನ್ನು ಮತ್ತೆ ಆರಂಭಿಸಿ, ಬೆಂಡೆಕಾಯಿ ಒಳ್ಳೆಯ ತರಕಾರಿ, ಪಲ್ಯ ಮಾಡಿಕೊಂಡು ಧಾರಾಳವಾಗಿ ತಿನ್ನಿರಿ, ಆದರೆ ಅದು ಔಷಧದ ಬದಲಿಗೆ ಬಾರದೆಂದು ತಿಳಿಸಿದರು.

ಈ ಸಂಗತಿಯಲ್ಲಿ ಸುಳ್ಳಾಡಿದವರಾರು? ಮಗನು ತಾಯಿಗೆ ಕೇಡನ್ನು ಬಗೆಯಲಿಲ್ಲ. ತಾಯಿಯೂ ದಡ್ಡಳಲ್ಲ, ಸಂತೆಯಲ್ಲಿ ಬೆಂಡೆಕಾಯಿಯ ತುದಿಯನ್ನು ಮುರಿದು ನೋಡದೆ ಕೊಳ್ಳುವವರಲ್ಲ. ಮಗನ ಮೇಲಿನ ನಂಬಿಕೆಯೇ ಮಗನು ತಂದ ಮಾತಿನ ಮೇಲಿನ ನಂಬಿಕೆಯಾಗಿ ಮಾರ್ಪಟ್ಟಿತು, ಅಷ್ಟೆ. ಕನ್ನಡದ ‘ಆಪ್ತ’ನು ಶಾಸ್ತ್ರದ ‘ಆಪ್ತ’ನ ಪೀಠದಲ್ಲಿ ಕುಳಿತನು. ಅಂಚೆಯವನು ಪ್ರಾಮಾಣಿಕನೆಂದು ಅವನು ತಂದ ಕಾಗದದಲ್ಲಿರುವುದೆಲ್ಲ ನಿಜವಾಗುವುದೇ? ಈಗ ಮನೆಮನೆಯಲ್ಲಿ ಮಗನೂ ಮಗಳೂ ಅಳಿಯನೂ ಅಂಚೆಯವರಾಗಿರುವರು. ಪ್ರೀತಿಯ ಕೈಯಿಂದ ಬಂದುದೆಂಬ ಕಾರಣಕ್ಕೇ ಸುಳ್ಳು ತಲೆಬಾಗಿಲಿನಲ್ಲಿ ತಡೆಯಿಲ್ಲದೆ ಒಳಗೆ ಬರುವುದು.

ಹಾಗಾದರೆ ಕಣ್ಣಿನಿಂದ ಕಂಡುದನ್ನಾದರೂ ನಂಬಬಹುದೇ ಎಂದರೆ, ಅಲ್ಲಿಯೂ ಎಚ್ಚರ ಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. 1995ನೆಯ ಸೆಪ್ಟೆಂಬರ್ 21ರಂದು ಗಣಪತಿಯ ವಿಗ್ರಹಗಳು ಹಾಲು ಕುಡಿಯುತ್ತಿವೆಯೆಂಬ ಸುದ್ದಿ ದೆಹಲಿಯಿಂದ ಹೊರಟು ಒಂದೇ ದಿನದಲ್ಲಿ ದೇಶವನ್ನೆಲ್ಲ ವ್ಯಾಪಿಸಿ ಕಡಲನ್ನೂ ದಾಟಿತು. ಚಮಚದ ಹಾಲು ಸೊಂಡಿಲಿಗೆ ತಾಗಿದೊಡನೆ ಕಡಿಮೆಯಾಗುವುದನ್ನು ಲಕ್ಷಾಂತರ ಜನರು ಕಣ್ಣಾರೆ ಕಂಡರು. ಕಂಡುದು ಸುಳ್ಳಲ್ಲ, ಹಾಲು ಕಡಿಮೆಯಾದುದು ಪ್ರತ್ಯಕ್ಷವೇ ಸರಿ. ವಿಗ್ರಹವು ಕುಡಿಯಿತೆಂಬುದು ಮಾತ್ರ ಅನುಮಾನ. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಕೊಟ್ಟು ನೋಡಿದಾಗ, ಅದು ಮೇಲ್ಮೈಯ ಎಳೆತದಿಂದ ಕಲ್ಲಿಗೆ ಅಂಟಿ ತೆಳುವಾದ ಪದರವಾಗಿ ಕೆಳಗೆ ಹರಿದುಹೋಗುವುದು ಸ್ಪಷ್ಟವಾಗಿ ತೋರಿತು. ಬಿಳಿಯ ಕಲ್ಲಿನ ಮೇಲೆ ಬಿಳಿಯ ಹಾಲು ಹರಿದರೆ ಕಾಣುವುದೆಂತು? ಭಕ್ತಿಗೆ ಇದರಿಂದ ಕುಂದೇನೂ ಇಲ್ಲ. ಗಣಪತಿಯ ಮಹಿಮೆಯು ಒಂದು ಚಮಚ ಹಾಲನ್ನು ನೆಚ್ಚಿಕೊಂಡಿರುವುದೆಂದು ತಿಳಿಯುವವನೇ ಅವನನ್ನು ಕಿರಿದುಮಾಡುವವನು.

ರಾಜಕೀಯದ ಮಾತುಗಳಲ್ಲಿ ಆಲದ ಮರದ ಯಕ್ಷನ ವಾಸ ಇನ್ನೂ ಗಟ್ಟಿಯಾದುದು. ಮನೆಯ ಸುದ್ದಿಗೆ ಮಮತೆ ಬಲಕೊಡುವಂತೆ ಇಲ್ಲಿ ಅಭಿಮಾನ ಬಲಕೊಡುವುದು. ಹಿಂದೆ ನನ್ನಲ್ಲಿ ಓದಿ, ಈಗ ಸಾರ್ವಜನಿಕ ಕಾರ್ಯಗಳಲ್ಲಿ ಓಡಾಡುವ ತರುಣನೊಬ್ಬನು ಒಂದು ಕರಪತ್ರದ ಭಾಷೆಯನ್ನು ತಿದ್ದಿಸಿಕೊಳ್ಳಲು ಬಂದನು. ಅದರಲ್ಲಿ ಮೆಕಾಲೆಯದೆನ್ನುವ ಪ್ರಸಿದ್ಧ ಭಾಷಣವಿದ್ದಿತು: ಭಾರತದ ಉದ್ದಗಲಕ್ಕೂ ಸಂಚರಿಸಿದರೂ ಒಬ್ಬ ಭಿಕ್ಷುಕನನ್ನಾಗಲಿ ಕಳ್ಳನನ್ನಾಗಲಿ ಕಾಣಲಿಲ್ಲವೆಂದೂ, ಈ ಜನರ ಬೆನ್ನುಮೂಳೆ ಮುರಿಯಬೇಕಾದರೆ ಇವರ ಹಳೆಯ ವಿದ್ಯೆಯನ್ನು ಅಳಿಸಬೇಕೆಂದೂ 1835ನೆಯ ಫೆಬ್ರವರಿ 2ರಂದು ಅವನು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಹೇಳಿದನೆಂದು ಬರೆದಿದ್ದಿತು.

ಸಂಸ್ಕೃತವನ್ನೇ ಉಸಿರಾಗಿ ಬಾಳಿದವನಿಗೆ ಇದಕ್ಕಿಂತ ಹಿತವಾದ ಮಾತು ಬೇರೆ ಯಾವುದಿರಬಲ್ಲುದು? ಆದರೆ ತಾರೀಖನ್ನು ನೋಡಬೇಕಲ್ಲವೆ! ಮೆಕಾಲೆಯು 1834ನೆಯ ಫೆಬ್ರವರಿಯಲ್ಲಿ ಇಂಗ್ಲೆಂಡಿನಲ್ಲಿ ಹಡಗು ಹತ್ತಿ ಜೂನಿನಲ್ಲಿ ಮದರಾಸಿಗೆ ಬಂದಿಳಿದನು. ನೀಲಗಿರಿಗೆ ಹೋಗುವಾಗ ನಮ್ಮ ಶ್ರೀರಂಗಪಟ್ಟಣವನ್ನೂ ನೋಡಿದನು. ಅನಂತರ ಕಲ್ಕತ್ತೆಗೆ ಹೋಗಿ 1838ರವರೆಗೆ ಈ ದೇಶದಲ್ಲಿಯೇ ಇದ್ದನು. ಆ ಫೆಬ್ರವರಿ 2ರಂದು ಅವನು ಲಂಡನಿನಲ್ಲಿ ಭಾಷಣ ಮಾಡಿದುದು ಹೇಗೆ? ಅದೇ ತಾರೀಖಿನಲ್ಲಿ ಅವನು ಬರೆದ ವಿದ್ಯಾಭ್ಯಾಸದ ಟಿಪ್ಪಣಿಯೊಂದು ಉಂಟು. ಅದರಲ್ಲಿ ನಮ್ಮ ಹೊಗಳಿಕೆಯಿಲ್ಲ. ತನಗೆ ಸಂಸ್ಕೃತವೂ ಅರಬ್ಬಿಯೂ ಬಾರದೆಂದು ಒಪ್ಪಿಕೊಂಡು, ಆ ಮೇಲೆ ಭಾರತ ಮತ್ತು ಅರಬಸ್ಥಾನಗಳ ಸಮಸ್ತ ಸಾಹಿತ್ಯವನ್ನೂ ಯೂರೋಪಿನ ಪುಸ್ತಕಗಳ ಒಂದು ಹಲಗೆಗಿಂತ ಕೀಳೆಂದು ಅದರಲ್ಲಿ ತಳ್ಳಿಹಾಕಿರುವನು.

ಇದನ್ನು ವಿವರಿಸಿದಾಗ ತರುಣನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾತು ಸುಳ್ಳೇ ಇರಬಹುದು ಸಾರ್. ಆದರೆ ಅದರಿಂದ ನಮ್ಮ ಜನಕ್ಕೆ ಅಭಿಮಾನ ಹುಟ್ಟುತ್ತದಲ್ಲ?” ಎಂದನು.

“ಅಪ್ಪಾ, ನಿನ್ನ ಕರಪತ್ರದಲ್ಲಿ ಹತ್ತು ಮಾತುಗಳಿವೆ. ಒಂದು ಸುಳ್ಳೆಂದು ಎದುರಾಳಿ ತೋರಿಸಿದರೆ ಉಳಿದ ಒಂಬತ್ತನ್ನು ಯಾರು ನಂಬುವರು? ಅವನು ನಿಜವಾಗಿ ಬರೆದುದನ್ನೇ ಅಚ್ಚುಹಾಕಿಸು. ತಿಳಿಯದ ಭಾಷೆಯ ಸಾಹಿತ್ಯಕ್ಕೆ ಬೆಲೆಕಟ್ಟಿದವನ ಯೋಗ್ಯತೆ ಅಷ್ಟರಿಂದಲೇ ಜನಕ್ಕೆ ತಿಳಿಯುವುದು” ಎಂದೆನು.

ಕರಪತ್ರ ಅಚ್ಚಾಗಿ ಬಂದಿತು. ಆ ಭಾಷಣ ಇದ್ದೇ ಇದ್ದಿತು. ಆದರೆ ‘ಹೇಳಿದನು’ ಎಂಬುದು ‘ಹೇಳಿದನಂತೆ’ ಎಂದಾಗಿದ್ದಿತು! ಶಿಷ್ಯನು ವ್ಯಾಕರಣವನ್ನು ಮರೆತಿಲ್ಲವೆಂದು ನಗು ಬಂದಿತು, ವ್ಯಸನವೂ ಆಯಿತು. ‘ಅಂತೆ’ ಎಂಬುದು ನಾವು ತಿಳಿಯದುದಕ್ಕೆ ಹಚ್ಚುವ ಗುರುತು. ಸುಳ್ಳೆಂದು ತಿಳಿದುದನ್ನು ಮರೆಮಾಡುವ ಪರದೆಯಲ್ಲ. ತಿಳಿದಮೇಲೂ ‘ಅಂತೆ’ಯ ಹಿಂದೆ ನಿಂತು ಹೇಳುವವನು ಸುಳ್ಳುಗಾರನೇ ಸರಿ.

ಇಂತಹ ಮಾತುಗಳಿಂದ ಬರಿಯ ಹರಟೆ ಹುಟ್ಟಿದ್ದರೆ ಇಷ್ಟೊಂದು ಬರೆಯಬೇಕಾಗಿರಲಿಲ್ಲ. 2012ನೆಯ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆ ನಡೆಯುವುದೆಂಬ ಗಾಳಿಸುದ್ದಿಯಿಂದ ಸಾವಿರಾರು ಜನ ದುಡಿಮೆಯನ್ನೂ ಓದನ್ನೂ ಬಿಟ್ಟು ಬೆಂಗಳೂರಿನಿಂದ ರೈಲು ಹತ್ತಿದರು. 2018ರಲ್ಲಿ ನಡೆದುದು ಅದಕ್ಕಿಂತ ಘೋರ. ಮಕ್ಕಳ ಕಳ್ಳರು ಬಂದಿರುವರೆಂಬ ಸುದ್ದಿಯೊಡನೆ ಒಂದು ಚಿತ್ರ ಮೊಬೈಲುಗಳಲ್ಲಿ ಹರಡಿತು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುವರು. ಆ ಚಿತ್ರ ಮಕ್ಕಳ ರಕ್ಷಣೆಯ ಬಗೆಗೆ ತಾಯಿತಂದೆಗಳನ್ನು ಎಚ್ಚರಿಸಲು ಕರಾಚಿಯಲ್ಲಿ ತೆಗೆದುದು. ಅದರ ಕೊನೆಯಲ್ಲಿ ಅವರೇ ಮಗುವನ್ನು ತಿರುಗಿ ತಂದುಬಿಟ್ಟು, ಮಕ್ಕಳನ್ನು ಜೋಪಾನವಾಗಿ ನೋಡಿಕೊಳ್ಳಿರೆಂದು ತಿಳಿಸುವರು. ಆ ಕೊನೆಯನ್ನು ಯಾರೋ ಕತ್ತರಿಸಿದರು. ‘ಇದು ನಾಟಕವಂತೆ’ ಎಂಬ ವಾಕ್ಯದ ಬಾಲ ಹೋಗಿ ‘ಇದು ನಡೆಯಿತು’ ಎಂಬುದಷ್ಟೇ ಉಳಿಯಿತು. ಆ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟುದರಿಂದ ಸಂಶಯಕ್ಕೆ ಗುರಿಯಾದವರ ಮೇಲೆ ಜನರು ಮುಗಿಬಿದ್ದರು. ಹೈದರಾಬಾದಿನ ಎಂಜಿನಿಯರನೊಬ್ಬನು ಹತನಾದನು. ಹೊಡೆದವರೂ ಮಕ್ಕಳನ್ನು ಕಾಪಾಡುತ್ತಿರುವೆವೆಂದೇ ತಿಳಿದಿದ್ದರು. ಆ ಸುದ್ದಿಯನ್ನು ಮುಂದಕ್ಕೆ ಕಳುಹಿಸಿದವರೂ ಹಾಗೆಯೇ ತಿಳಿದಿದ್ದರು. ಅವರಲ್ಲಿ ಒಬ್ಬರೂ ಆ ಕಳ್ಳರನ್ನು ಕಂಡಿರಲಿಲ್ಲ.

ಹಾಗೆಂದು ಕೇಳಿದುದೆಲ್ಲವನ್ನೂ ಸುಳ್ಳೆಂದು ತಳ್ಳಬೇಕೆಂದು ನಾನು ಹೇಳುವುದಿಲ್ಲ. ಏನನ್ನೂ ನಂಬದವನ ಸಂಸಾರವೂ ಸಾಗದು. ವೈದ್ಯನ ಮಾತನ್ನೂ ಗುರುವಿನ ಮಾತನ್ನೂ ನಂಬಿಯೇ ಬದುಕಬೇಕು. ನಂಬುವ ಮೊದಲು, ಮೂಲದಲ್ಲಿ ಕಂಡವನಾರು, ಅವನಿಗೆ ಅದನ್ನು ಅರಿಯುವ ಯೋಗ್ಯತೆಯುಂಟೇ, ಇದನ್ನು ಹೇಳುವುದರಿಂದ ಅವನಿಗೇನು ಲಾಭ ಎಂದು ವಿಚಾರಿಸಿದರೆ ಸಾಕು. ಮಾತು ನಮಗೆ ಬಹಳ ಹಿತವಾಗಿದ್ದರೆ, ಅಥವಾ ಬಹಳ ಸಿಟ್ಟು ತರಿಸಿದರೆ, ವಿಚಾರಣೆ ಇನ್ನೂ ಬಿಗಿಯಾಗಿರಬೇಕು. ಉತ್ತರ ದೊರೆಯದಿದ್ದರೆ ಸುಮ್ಮನಿರುವುದು ಲೇಸು. ಹೇಳಲೇಬೇಕಾದರೆ ‘ಅಂತೆ’ ಎಂಬುದನ್ನು ಬಿಡದೆ ಹೇಳಬೇಕು.

ಮಕ್ಕಳಿಗೆ ಇದನ್ನು ಮನೆಯಲ್ಲಿಯೇ ಕಲಿಸಬಹುದು. ಶಾಲೆಯಿಂದ ಬಂದ ಹುಡುಗನು ‘ಅವನು ಕದ್ದ’ ಎಂದಾಗ, ‘ನೀನು ನೋಡಿದೆಯಾ?’ ಎಂದು ಕೇಳಿರಿ. ‘ಇಲ್ಲ, ಎಲ್ಲರೂ ಹೇಳಿದರು’ ಎಂದರೆ, ‘ಹಾಗಾದರೆ ಕದ್ದನಂತೆ ಎನ್ನು ಮಗು’ ಎಂದು ತಿದ್ದಿರಿ. ಕದ್ದವನೆಂದು ಹೆಸರಾದ ಆ ಇನ್ನೊಬ್ಬ ಹುಡುಗನಿಗೂ ಮನೆಯಲ್ಲಿ ಒಬ್ಬಳು ತಾಯಿ ಇರುವಳು.